ಎಂಟಕ್ಕೆ ಮನೆ ತಲುಪಿ ಒಂಬತ್ತೂಕಾಲಕ್ಕೆ ಮೀನೂಟ ಬಡಿಸಬೇಕು: ದಾರಿ ಹೇಳಿ

ತಿಪಟೂರಿನವ | ಗುರುವಾರ, ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನಲ್ಲಿದ್ದೇವೆ. ನನ್ನ ಹೆಂಡತಿ ಮೂಲ್ಕಿಯವಳು, ಆಸ್ಪತ್ರೆಯೊಂದರಲ್ಲಿ ನರ್ಸ್. ಬುಧವಾರ ಮತ್ತು ಶುಕ್ರವಾರ ಅವಳ ಪಾಳಿ ಮುಗಿಯುವುದು ರಾತ್ರಿ ಎಂಟೂವರೆಗೆ; ಮನೆ ಸೇರುವಾಗ ಒಂಬತ್ತೂಕಾಲು. ನಾನು ಎಂಟಕ್ಕೆ ಬಂದಿರುತ್ತೇನೆ. ಆ ಎರಡು ದಿನ ಅಡುಗೆ ನನ್ನದು. ಇಷ್ಟು ದಿನ ಅನ್ನ, ತಿಳಿಸಾರು, ಮೊಟ್ಟೆ ಪಲ್ಯದಲ್ಲಿ ನಡೆದುಹೋಗಿದೆ. ಅವಳು ಒಂದು ದಿನವೂ ಏನೂ ಅಂದವಳಲ್ಲ. ಆದರೆ ಊರಿಗೆ ಹೋದಾಗ ಅವಳು ಮೀನು ಊಟ ಮಾಡುವುದನ್ನು ನಾನು ನೋಡಿದ್ದೇನೆ. ಮಾತಿರುವುದಿಲ್ಲ. ಮುಳ್ಳುಗಳನ್ನು ತಟ್ಟೆಯ ಅಂಚಿನಲ್ಲಿ ಒಂದೊಂದಾಗಿ ಸಾಲು ಹಚ್ಚುತ್ತಾ ಹೋಗುತ್ತಾಳೆ. ಊಟ ಮುಗಿಸಿ ಏಳುವಾಗ ಮುಖದ ಮೇಲಿನ ದಣಿವು ಇಳಿದಿರುತ್ತದೆ. ನಮ್ಮ ಮನೆಯಲ್ಲಿ ಆ ಮುಖವನ್ನು ನಾನು ಇನ್ನೂ ಕಂಡಿಲ್ಲ.

ನಿನ್ನೆ ಬುಧವಾರ ಧೈರ್ಯ ಮಾಡಿದೆ. ಐದು ಬಂಗುಡೆ ತಂದು, ನಮ್ಮ ಕಡೆ ಕೋಳಿಗೆ ಮಾಡುವ ಹಾಗೆ ಈರುಳ್ಳಿ ಹುರಿದು, ಧಾರಾಳವಾಗಿ ತೆಂಗಿನಕಾಯಿ ಹಾಕಿ ಮಸಾಲೆ ರುಬ್ಬಿ, ಎಲ್ಲವನ್ನೂ ಒಟ್ಟಿಗೆ ಅರ್ಧ ಗಂಟೆ ಕುದಿಸಿದೆ. ನಡುನಡುವೆ ಸೌಟು ಹಾಕಿ ತಿರುವಿದೆ. ಮುಚ್ಚಳ ತೆಗೆದಾಗ ಮೀನಿನ ಆಕಾರವೇ ಉಳಿದಿರಲಿಲ್ಲ. ಮುಳ್ಳು ಒಂದು ಕಡೆ, ಮಾಂಸದ ಪುಡಿ ಒಂದು ಕಡೆ, ಸಾರಿನಲ್ಲಿ ಕಹಿ ಬೇರೆ. ಊಟಕ್ಕೆ ಕುಳಿತಾಗ ಹತ್ತು ಗಂಟೆ. ಅವಳು ಸುಮ್ಮನೆ ಮುಳ್ಳು ಸೋಸಿಕೊಂಡು ತಿಂದಳು. ಅದನ್ನು ನೋಡಿ ನನಗೆ ಸಂಕಟವಾಯಿತು.

ಕೇಳುತ್ತಿರುವುದು ಇಷ್ಟೇ: ಎಂಟರಿಂದ ಒಂಬತ್ತೂಕಾಲರೊಳಗೆ ಒಬ್ಬನೇ ಮಾಡಬಹುದಾದ, ಕರಾವಳಿಯವರು ನಮ್ಮದೇ ಎಂದು ಒಪ್ಪುವ ಮೀನಿನ ಸಾರು ಯಾವುದು? ಕಹಿ ಎಲ್ಲಿಂದ ಬಂತು?

ಕೆರೆಕೋಡಿ | ಗುರುವಾರ, ರಾತ್ರಿ 11.05

ಅರ್ಧ ಗಂಟೆ! ಬಂಗುಡೆಗೆ ಏಳು ನಿಮಿಷ ಸಾಕು.

ಮಲ್ಪೆಯ ಮಗಳು | ಗುರುವಾರ, ರಾತ್ರಿ 11.40

ಅಣ್ಣ, ಮೊದಲು ಕಹಿಯ ವಿಷಯ. ಬಂಗುಡೆಯ ಹೊಟ್ಟೆ ಸೀಳಿದರೆ ಒಳಗೋಡೆಗೆ ಒಂದು ಕಪ್ಪು ಪೊರೆ ಅಂಟಿಕೊಂಡಿರುತ್ತದೆ. ಅಂಗಡಿಯಲ್ಲಿ ಕರುಳು ತೆಗೆದು ಕೊಡುತ್ತಾರೆ, ಈ ಪೊರೆಯನ್ನು ಹಾಗೆಯೇ ಬಿಟ್ಟಿರುತ್ತಾರೆ. ನಲ್ಲಿಯ ಕೆಳಗೆ ಹಿಡಿದು ಹೆಬ್ಬೆರಳಿನಿಂದ ಉಜ್ಜಿದರೆ ಸುಲಿದು ಬರುತ್ತದೆ. ಬೆನ್ನೆಲುಬಿನ ಉದ್ದಕ್ಕೂ ಹೆಪ್ಪುಗಟ್ಟಿದ ರಕ್ತದ ಗೆರೆಯಿರುತ್ತದೆ, ಅದನ್ನೂ ಉಗುರಿನಿಂದ ಕೆರೆದು ತೆಗೆಯಬೇಕು. ಕಿವಿರು ಉಳಿದಿದ್ದರೆ ಅದನ್ನೂ. ಐದು ಮೀನಿಗೆ ಐದು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಎಂತಹ ಮಸಾಲೆಯೂ ಉಳಿಸುವುದಿಲ್ಲ.

ಇನ್ನು ಸಾರು. ಮೂಲ್ಕಿಯವರಿಗೆ, ಅದೂ ದಣಿದು ಬಂದವರಿಗೆ, ಬಂಗುಡೆ ಪುಳಿಮುಂಚಿ ಮಾಡಿ. ತುಳುವಿನಲ್ಲಿ ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ಹೆಸರಿನಲ್ಲೇ ಸಾರು ಇದೆ. ಇದಕ್ಕೆ ತೆಂಗಿನಕಾಯಿ ಬೇಡ. ತಿಪಟೂರಿನವರಿಗೆ ಈ ಮಾತು ಹೇಳಲು ನನಗೆ ಸಂಕೋಚವೇ, ಆದರೂ ಬೇಡ. ವಾರದ ನಡುವೆ ಅಡುಗೆ ಮಾಡುವವರನ್ನು ಕಾಪಾಡುವುದೂ ಇದೇ. ತೆಂಗಿನಕಾಯಿ ಸೇರಿದ ಮಸಾಲೆ ಒಂದೆರಡು ದಿನಕ್ಕೆ ಹಳಸುತ್ತದೆ. ಮೆಣಸು, ಹುಣಸೆ, ಉಪ್ಪು ಮಾತ್ರ ಇರುವ ಮಸಾಲೆ ಫ್ರಿಜ್‌ನಲ್ಲಿ ಐದಾರು ದಿನ ಅಲುಗದೆ ನಿಲ್ಲುತ್ತದೆ. ಆದ್ದರಿಂದ ಭಾನುವಾರ ರುಬ್ಬಿಡಿ. ಬುಧವಾರ ನಿಮಗೆ ಉಳಿಯುವುದು ಕುದಿಸುವ ಕೆಲಸವೊಂದೇ.

ನಮ್ಮ ಮನೆಯ ಅಳತೆ, ಎರಡು ಸಲದ ಸಾರಿಗೆ: ಬ್ಯಾಡಗಿ ಮೆಣಸು ಮೂವತ್ತು, ಗುಂಟೂರು ಆರು, ಕೊತ್ತಂಬರಿ ಎರಡು ದೊಡ್ಡ ಚಮಚ, ಜೀರಿಗೆ ಒಂದು ಸಣ್ಣ ಚಮಚ, ಮೆಂತ್ಯ ಅರ್ಧ ಸಣ್ಣ ಚಮಚ, ಓಮ ಅರ್ಧ ಸಣ್ಣ ಚಮಚ, ಕಾಳುಮೆಣಸು ಹದಿನೈದು. ಇವನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಮಾತ್ರ ಬೆಚ್ಚಗೆ ಹುರಿಯಿರಿ. ಮೆಂತ್ಯ ಕಪ್ಪಾದರೆ ಮತ್ತೆ ಕಹಿ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನಿಂಬೆಹಣ್ಣಿನ ಗಾತ್ರದ ಹುಣಸೆ, ಅರಸಿನ, ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದು ಹಸಿ ಈರುಳ್ಳಿ, ಉಪ್ಪು ಸೇರಿಸಿ ರುಬ್ಬಿ. ಎಷ್ಟು ನುಣ್ಣಗೆ ಎಂದರೆ ಎರಡು ಬೆರಳಿನ ನಡುವೆ ತಿಕ್ಕಿದಾಗ ತರಿ ಸಿಗಬಾರದು. ಗಾಜಿನ ಬಾಟಲಿಗೆ ತುಂಬಿ, ಮೇಲೆ ಒಂದು ಪದರ ಎಣ್ಣೆ ಸುರಿದು ಫ್ರಿಜ್‌ನಲ್ಲಿಡಿ.

ಬುಧವಾರ ಅಗಲವಾದ ಸ್ಟೀಲ್ ಪಾತ್ರೆಗೆ ಅರ್ಧ ಮಸಾಲೆ, ಒಂದೂವರೆ ಲೋಟ ನೀರು, ಸೀಳಿದ ಎರಡು ಹಸಿಮೆಣಸು, ಜಜ್ಜಿದ ಶುಂಠಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಣಸೆ ಅದನ್ನು ತಿನ್ನುತ್ತದೆ. ಎಂಟು ನಿಮಿಷ ಚೆನ್ನಾಗಿ ಕುದಿಯಲಿ. ಹಸಿ ವಾಸನೆ ಹೋಗಿ ಸಾರು ಚಮಚದ ಬೆನ್ನಿಗೆ ಅಂಟುವಷ್ಟು ದಪ್ಪವಾದ ಮೇಲೆ ಉಪ್ಪು, ಹುಳಿ ನೋಡಿ ಸರಿಮಾಡಿ. ಮೀನು ಹಾಕಿದ ಮೇಲೆ ಸರಿಮಾಡಲು ಹೋಗಬಾರದು. ಈಗ ಮೀನುಗಳನ್ನು ಒಂದರ ಪಕ್ಕ ಒಂದು ಮಲಗಿಸಿ, ಉರಿ ತಗ್ಗಿಸಿ, ಮುಚ್ಚಿ. ಏಳು ನಿಮಿಷ. ಸೌಟನ್ನು ದೂರ ಇಡಿ. ಮೀನು ಮಗುಚಬೇಕು ಅನ್ನಿಸಿದರೆ ಬಟ್ಟೆಯಿಂದ ಪಾತ್ರೆಯ ಎರಡೂ ಕಿವಿ ಹಿಡಿದು ಒಮ್ಮೆ ಸುತ್ತ ಅಲುಗಿಸಿ, ಸಾರು ತಾನೇ ಮೀನಿನ ಮೇಲೆ ಹತ್ತುತ್ತದೆ. ಉರಿ ಆರಿಸಿ, ಒಂದು ಚಮಚ ತೆಂಗಿನೆಣ್ಣೆ, ಒಂದು ಎಸಳು ಕರಿಬೇವು. ಕಾಲು ಗಂಟೆ ಮುಚ್ಚಳ ತೆಗೆಯಬೇಡಿ. ಮೀನಿಗೆ ಹುಳಿ ಹಿಡಿಯುವುದು ಆ ಕಾಲು ಗಂಟೆಯಲ್ಲೇ.

ಬೇಲೆಕೇರಿ | ಶುಕ್ರವಾರ, ಬೆಳಿಗ್ಗೆ 6.30

ಮಲ್ಪೆಯ ತಂಗಿಯ ವಿಧಾನ ಚೊಕ್ಕವಾಗಿದೆ. ಆದರೆ ದಣಿದ ರಾತ್ರಿಗೆ ಪುಳಿಮುಂಚಿಯೇ ಸರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ಗಂಟೆ ನಿಂತುಕೊಂಡು ಕೆಲಸ ಮಾಡಿ ಬಂದ ಹೊಟ್ಟೆಗೆ ಅಷ್ಟು ಮೆಣಸು, ಅಷ್ಟು ಹುಳಿ ಏಕೆ? ನಮ್ಮ ಅಂಕೋಲೆ ಕಡೆ ಇಂತಹ ರಾತ್ರಿಗೆ ತಾರ್ಲೆಯ ಸಾರು ಮಾಡುತ್ತೇವೆ. ತಾರ್ಲೆ ಎಂದರೆ ನಿಮ್ಮವಳು ಬೂತಾಯಿ ಎನ್ನುವ ಮೀನು.

ಒಂದು ಬಟ್ಟಲು ಹಸಿ ತೆಂಗಿನತುರಿ, ಏಳೆಂಟು ಬ್ಯಾಡಗಿ, ಒಂದು ಚಮಚ ಕೊತ್ತಂಬರಿ, ಅರಸಿನ. ಹುರಿಯುವುದೂ ಬೇಡ. ಮಿಕ್ಸಿಯಲ್ಲಿ ಐದು ನಿಮಿಷ. ಹುಳಿಗೆ ಒಣಗಿದ ಮುರುಗಲು ಸಿಪ್ಪೆ ನಾಲ್ಕೈದು. ಹುಣಸೆ ಹುಳಿ ನಾಲಿಗೆಯ ಮುಂದೆ ಬಂದು ನಿಲ್ಲುತ್ತದೆ, ಮುರುಗಲಿನದು ಹಿಂದೆ ನಿಲ್ಲುತ್ತದೆ. ಇನ್ನು ಜುಮ್ಮನಕಾಯಿ. ಅದಿಲ್ಲದೆ ತಾರ್ಲೆ ಸಾರಿಲ್ಲ. ಐದಾರು ಒಣಕಾಯಿ ತೆಗೆದುಕೊಂಡು ಒಳಗಿನ ಕರಿಬೀಜ ಎಸೆದು, ಸಿಪ್ಪೆಯನ್ನು ಮಾತ್ರ ಸ್ವಲ್ಪ ನೀರಿನಲ್ಲಿ ಜಜ್ಜಿ ಆ ನೀರು ಸಮೇತ ಸಾರಿಗೆ ಹಾಕಬೇಕು. ಮಸಾಲೆಯ ಜೊತೆ ಅರೆದರೆ ಕಹಿಯಾಗುತ್ತದೆ. ನಾಲಿಗೆಯ ಮೇಲೆ ಜುಮ್ಮೆನ್ನುವುದರಿಂದ ಆ ಹೆಸರು. ಎಣ್ಣೆಯಂಶ ಹೆಚ್ಚಿರುವ ತಾರ್ಲೆ, ಬಂಗಡೆಗಳ ವಾಸನೆಯನ್ನು ಅಡಗಿಸುವುದು ಅದರ ಕೆಲಸ. ಮಸಾಲೆ ಒಂದು ಕುದಿ ಬಂದ ಮೇಲೆ ತಾರ್ಲೆ ಹಾಕಿದರೆ ಐದೇ ನಿಮಿಷ. ಒಗ್ಗರಣೆಯೂ ಇಲ್ಲ.

ತೆಂಗಿನಕಾಯಿ ಮೀನಿಗೆ ಶತ್ರುವಲ್ಲ ಅಣ್ಣ. ನಿಮ್ಮ ತೆಂಗಿನಕಾಯಿಯನ್ನು ಅರ್ಧ ಗಂಟೆ ಕುದಿಸಿದ್ದು ತಪ್ಪು, ಹಾಕಿದ್ದಲ್ಲ.

ಮಲ್ಪೆಯ ಮಗಳು | ಶುಕ್ರವಾರ, ಬೆಳಿಗ್ಗೆ 8.10

ಬೇಲೆಕೇರಿ ಅಕ್ಕ, ತಾರ್ಲೆಯ ಸಾರಿಗೆ ಎದುರು ಮಾತಿಲ್ಲ. ಆದರೆ ಬೆಂಗಳೂರಿನ ಅಂಗಡಿಯಲ್ಲಿ ಸಂಜೆ ಏಳೂವರೆಗೆ ಸಿಗುವ ತಾರ್ಲೆಯನ್ನು ನೀವು ನೋಡಬೇಕು. ಹೊಟ್ಟೆ ಒಡೆದು ಚರ್ಮ ಸುಲಿದಿರುತ್ತದೆ. ಆ ಹೊತ್ತಿನಲ್ಲಿ ಬಂಗುಡೆ ಇನ್ನೂ ಗಟ್ಟಿಯಿರುತ್ತದೆ. ಬೆಳಿಗ್ಗೆ ಹೋಗಿ ತರುವ ದಿನ ತಾರ್ಲೆ, ಸಂಜೆ ಕೊಳ್ಳುವ ದಿನ ಬಂಗುಡೆ ಎಂದು ನನ್ನ ಲೆಕ್ಕ. ಇನ್ನೊಂದು, ಪುಳಿಮುಂಚಿಯನ್ನು ಕುಚ್ಚಲಕ್ಕಿ ಗಂಜಿಯ ಜೊತೆ ಕೊಟ್ಟರೆ ಖಾರ ಹೊಟ್ಟೆಗೆ ತಟ್ಟುವುದಿಲ್ಲ. ಗಂಜಿ ಅದನ್ನು ತಣಿಸುತ್ತದೆ.

ಮತ್ಸ್ಯಪಾಠ | ಶುಕ್ರವಾರ, ಮಧ್ಯಾಹ್ನ 1.20

ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. ರುಚಿಯ ವಿಷಯದಲ್ಲಿ ಅಕ್ಕಂದಿರ ನಡುವೆ ಬಾಯಿ ಹಾಕುವುದಿಲ್ಲ. ಕೊಳ್ಳುವ ಮತ್ತು ಸಾಗಿಸುವ ವಿಷಯದಲ್ಲಿ ಒಂದು ಮಾತನ್ನು ಮಾತ್ರ ದಯವಿಟ್ಟು ಗಟ್ಟಿಯಾಗಿ ಹಿಡಿಯಿರಿ.

ಬಂಗುಡೆ, ಬೂತಾಯಿ, ಕೇದರ (ಟ್ಯೂನಾ), ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಒಮ್ಮೆ ಹಾಗಾದರೆ ಎಷ್ಟು ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಮತ್ತೆ ಫ್ರಿಜ್‌ನಲ್ಲಿಟ್ಟರೂ ಹೋಗುವುದಿಲ್ಲ. ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ಎದೆಬಡಿತ ಕಾಣಿಸಿಕೊಳ್ಳುತ್ತದೆ. ಅನೇಕರು ಇದನ್ನು ಮೀನಿನ ಅಲರ್ಜಿ ಎಂದುಕೊಂಡು ಜೀವನವಿಡೀ ಮೀನು ಬಿಡುತ್ತಾರೆ. ಎಷ್ಟೋ ಸಲ ತಪ್ಪು ಮೀನಿನದಲ್ಲ, ಅದನ್ನು ಬೆಚ್ಚಗೆ ಇಟ್ಟವರದು.

ಆದ್ದರಿಂದ ಕಚೇರಿಯ ಹತ್ತಿರ ಕೊಂಡು ಒಂದು ಗಂಟೆ ಬಸ್ಸಿನಲ್ಲಿ ಚೀಲ ಹಿಡಿದು ಬರಬೇಡಿ. ಮನೆಯ ಹತ್ತಿರ ಕೊಳ್ಳಿ. ದಾರಿ ದೂರವಿದ್ದರೆ ಅಂಗಡಿಯಿಂದಲೇ ಒಂದು ಹಿಡಿ ಮಂಜುಗಡ್ಡೆ ಕೇಳಿ ಪಡೆಯಿರಿ, ಯಾರೂ ಇಲ್ಲ ಎನ್ನುವುದಿಲ್ಲ. ಮನೆಗೆ ಬಂದ ತಕ್ಷಣ ತೊಳೆದು ನಾಲ್ಕು ಡಿಗ್ರಿಗಿಂತ ಕೆಳಗೆ ಇಡಿ, ಅಥವಾ ನೇರ ಪಾತ್ರೆಗೆ. ಕೊಳ್ಳುವಾಗ ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು. ನಡುಭಾಗವನ್ನು ಬೆರಳಿನಿಂದ ಒತ್ತಿದರೆ ಗುಳಿ ಉಳಿಯಬಾರದು. ಮೀನನ್ನು ತಲೆ ಹಿಡಿದು ಅಡ್ಡಲಾಗಿ ಎತ್ತಿದರೆ ಬಾಲ ಜೋತುಬೀಳದೆ ನೆಟ್ಟಗೆ ನಿಂತರೆ ಕಣ್ಣುಮುಚ್ಚಿ ಕೊಳ್ಳಿ.

ಮೀನು ಪುಡಿಯಾದ ಕಾರಣವನ್ನೂ ಹೇಳಿಬಿಡುತ್ತೇನೆ. ಕೋಳಿ, ಕುರಿಯ ಮಾಂಸವನ್ನು ಹಿಡಿದಿಡುವ ನಾರು ಕರಗಲು ಬಹಳ ಹೊತ್ತು ಬೇಕು. ಮೀನಿನಲ್ಲಿ ಆ ನಾರು ತೀರಾ ಕಡಿಮೆ, ಸ್ವಲ್ಪ ಬಿಸಿಗೇ ಕರಗುತ್ತದೆ. ನೀವು ಅರ್ಧ ಗಂಟೆ ಕುದಿಸಿದಾಗ ಪದರಗಳನ್ನು ಹಿಡಿದಿಡಲು ಅಲ್ಲಿ ಏನೂ ಉಳಿದಿರಲಿಲ್ಲ.

ಕೆರೆಕೋಡಿ | ಶುಕ್ರವಾರ, ಮಧ್ಯಾಹ್ನ 2.45

ಎಲ್ಲರೂ ಕಡಲಿನ ಕಡೆಗೇ ಎಳೆಯುತ್ತಿದ್ದೀರಿ. ತಿಪಟೂರಿನವರೇ, ನಮ್ಮ ಕೆರೆ ಮೀನನ್ನು ಕೈಬಿಡಬೇಡಿ. ಬೆಂಗಳೂರಿನಲ್ಲಿ ಸಂಜೆ ಹೊತ್ತಿನಲ್ಲೂ ಜೀವಂತ ಜಿಲೇಬಿ, ಕಟ್ಲಾ ಸಿಗುವ ಅಂಗಡಿಗಳಿವೆ. ಕಣ್ಣೆದುರೇ ಕತ್ತರಿಸಿ ಕೊಟ್ಟದ್ದಕ್ಕಿಂತ ತಾಜಾ ಮೀನು ಯಾವುದು?

ಕೆರೆ ಮೀನಿಗೆ ಮಣ್ಣಿನ ವಾಸನೆ ಎನ್ನುವವರಿದ್ದಾರೆ. ಅದು ನೀರಿನಲ್ಲಿರುವ ಪಾಚಿಯಿಂದ ಮೀನಿನ ಮೈಗೆ ಸೇರುವ ವಾಸನೆ, ಹುಳಿ ತಾಗಿದರೆ ಮುರಿಯುತ್ತದೆ. ತುಂಡುಗಳಿಗೆ ಕಲ್ಲುಪ್ಪು, ಅರಸಿನ, ನಿಂಬೆರಸ ಸವರಿ ಹತ್ತು ನಿಮಿಷ ಬಿಟ್ಟು ತೊಳೆದರೆ ಸಾಕು. ನನ್ನ ಅಜ್ಜಿ ಹುಣಸೆ ಹಿಂಡಿದ ಚರಟದಿಂದಲೇ ಉಜ್ಜುತ್ತಿದ್ದರು. ಆಮೇಲೆ ಈರುಳ್ಳಿ, ಟೊಮ್ಯಾಟೊ, ಧನಿಯಾ, ಚೂರು ತೆಂಗಿನಕಾಯಿ ರುಬ್ಬಿದ ಸಾರು, ಮೇಲೆ ರಾಗಿ ಮುದ್ದೆ. ಮುದ್ದೆ ಹದಿನೈದು ನಿಮಿಷದಲ್ಲಿ ಆಗುತ್ತದೆ, ಕುಚ್ಚಲಕ್ಕಿ ಆಗುತ್ತದೆಯೇ? ಎಂಟಕ್ಕೆ ಶುರುಮಾಡಿದರೆ ಎಂಟೂಮುಕ್ಕಾಲಿಗೆ ಎಲ್ಲ ಸಿದ್ಧ. ಅವರ ಊರಿನ ಊಟ ಅವರಿಗೆ ಪ್ರಿಯ, ನಿಜ. ನಿಮ್ಮ ಊರಿನದನ್ನೂ ಒಂದು ದಿನ ಬಡಿಸಿ.

ತಿಪಟೂರಿನವ | ಶುಕ್ರವಾರ, ರಾತ್ರಿ 11.15

ಇಷ್ಟು ಜನ ಇಷ್ಟು ಬಿಡಿಸಿ ಹೇಳುತ್ತೀರಿ ಎಂದುಕೊಂಡಿರಲಿಲ್ಲ. ಕೆರೆಕೋಡಿಯವರೇ, ಜಿಲೇಬಿ ಸಾರು ನನಗೆ ಬರುತ್ತದೆ. ಅವಳಿಗೆ ಕೆರೆ ಮೀನು ಒಗ್ಗುವುದಿಲ್ಲ ಎಂದು ಅವಳೇ ಮದುವೆಯಾದ ಹೊಸದರಲ್ಲಿ ಹೇಳಿದ್ದಳು, ಆಮೇಲೆ ನಾನು ತಂದಿಲ್ಲ. ನಿಂಬೆರಸದ ಉಪಾಯ ಗೊತ್ತಿರಲಿಲ್ಲ, ಒಂದು ಭಾನುವಾರ ಪ್ರಯತ್ನಿಸುತ್ತೇನೆ.

ಬುಧವಾರಕ್ಕೆ ಪುಳಿಮುಂಚಿ ಎಂದು ನಿರ್ಧರಿಸಿದ್ದೇನೆ. ಕುಚ್ಚಲಕ್ಕಿ ಎಂಟರ ನಂತರ ಬೇಯಿಸಿದರೆ ಆಗುತ್ತದೆಯೇ? ಪುಳಿಮುಂಚಿಗೆ ಮಣ್ಣಿನ ಮಡಕೆ ಕೊಳ್ಳಲೇ?

ಶಾರ್ಜಾ ಅಡುಗೆಮನೆ | ಶನಿವಾರ, ಬೆಳಿಗ್ಗೆ 9.00

ಅಕ್ಕಿಯ ವಿಷಯ ನಾನು ಹೇಳುತ್ತೇನೆ. ಹದಿನಾಲ್ಕು ವರ್ಷಗಳಿಂದ ಕೆಲಸ ಮುಗಿಸಿ ಬಂದು ಇದನ್ನೇ ಮಾಡುತ್ತಿದ್ದೇನೆ. ಬೆಳಿಗ್ಗೆ ಹೊರಡುವಾಗ ಅಕ್ಕಿ ತೊಳೆದು ನೀರು ತುಂಬಿ ಫ್ರಿಜ್‌ನಲ್ಲಿಡಿ. ರಾತ್ರಿ ಆ ನೀರು ಚೆಲ್ಲಿ, ಒಂದಕ್ಕೆ ನಾಲ್ಕರಷ್ಟು ಹೊಸ ನೀರು ಹಾಕಿ ಕುಕ್ಕರಿನಲ್ಲಿ ಆರು ವಿಷಲ್. ಆವಿಯನ್ನು ಬಲವಂತವಾಗಿ ಬಿಡಬೇಡಿ, ತಾನಾಗಿ ಇಳಿಯಲಿ. ಬಟ್ಟೆ ಬದಲಿಸುವ ಮೊದಲೇ ಕುಕ್ಕರ್ ಇಟ್ಟುಬಿಡಿ. ತೆಳಿಯನ್ನು ಚೆಲ್ಲಬೇಡಿ, ಗಂಜಿಯೆಂದರೆ ಅದೇ.

ನನಗೆ ಇಲ್ಲಿ ಬಂಗುಡೆ ಹೆಪ್ಪುಗಟ್ಟಿದ್ದೇ ಸಿಗುವುದು ಹೆಚ್ಚು. ನಮ್ಮ ಅಂಜಲನ್ನು ಇಲ್ಲಿ ಕನಾದ್ ಎನ್ನುತ್ತಾರೆ, ಅದು ತಾಜಾ ಸಿಗುತ್ತದೆ. ಹೆಪ್ಪುಗಟ್ಟಿದ ಮೀನು ಕೀಳಲ್ಲ, ಕರಗಿಸುವ ರೀತಿಯಲ್ಲಿ ಎಲ್ಲವೂ ಇದೆ. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್‌ನ ಕೆಳಗಿನ ಅಂಕಣಕ್ಕೆ ಇಳಿಸಬೇಕು. ಮರೆತರೆ ಪೊಟ್ಟಣ ಬಿಚ್ಚದೆ ತಣ್ಣೀರಿನಲ್ಲಿ ಮುಕ್ಕಾಲು ಗಂಟೆ ಮುಳುಗಿಸಿ. ಬಿಸಿನೀರು ಹಾಕಿದರೆ ಹೊರಗೆ ಬೆಂದು ಒಳಗೆ ಕಲ್ಲಾಗಿರುತ್ತದೆ.

ಮಲ್ಪೆಯ ಮಗಳು | ಶನಿವಾರ, ಬೆಳಿಗ್ಗೆ 10.20

ಮಡಕೆ ಕೊಳ್ಳಿ, ಆದರೆ ಈ ಬುಧವಾರಕ್ಕೆ ಬೇಡ. ಹೊಸ ಮಡಕೆಯನ್ನು ಒಂದು ದಿನ ನೀರಿನಲ್ಲಿ ನೆನೆಸಿ, ನಾಲ್ಕೈದು ಸಲ ತೆಳಿ ಕುದಿಸಿ ಪಳಗಿಸಬೇಕು. ಇಲ್ಲವಾದರೆ ಸಾರಿಗೆ ಮಣ್ಣಿನ ರುಚಿ, ಮಡಕೆಗೂ ಬಿರುಕು. ಪಳಗಿದ ಮೇಲೆ ಅದರ ಬಿಸಿ ಬೇಗ ಆರುವುದಿಲ್ಲ, ಆದ್ದರಿಂದ ಅದರಲ್ಲಿ ಮಾಡುವಾಗ ಒಂದು ನಿಮಿಷ ಮೊದಲೇ ಉರಿ ಆರಿಸಬೇಕು.

ಹೊಸ ಒಲೆ | ಶನಿವಾರ, ಸಂಜೆ 5.30

ನಡುವೆ ಬಂದೆ, ಕ್ಷಮಿಸಿ. ಮಳೆಗಾಲದಲ್ಲಿ ಏನು ಮಾಡುತ್ತೀರಿ? ಜೂನ್, ಜುಲೈಯಲ್ಲಿ ನಮ್ಮ ಅಂಗಡಿಯಲ್ಲಿ ಬಂಗುಡೆಯ ಬೆಲೆ ಕೇಳಿಯೇ ಹಿಂದಿರುಗುತ್ತೇನೆ.

ಬೇಲೆಕೇರಿ | ಶನಿವಾರ, ಸಂಜೆ 6.15

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಅದು ಇರಲೇಬೇಕು. ನಾಡದೋಣಿಯವರು ತರುವ ಸ್ವಲ್ಪ ಮೀನು ಊರಿಗೇ ಸಾಲದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಹಾಗಾಗಿ ಜೂನ್ ನಡುವಿನಿಂದ ನಿಮಗೆ ಆ ಕಡೆಯ ಮೀನು ಬರುತ್ತದೆ.

ನಮ್ಮ ಮನೆಗಳಲ್ಲಿ ಆ ಎರಡು ತಿಂಗಳು ಒಣಮೀನಿನದೇ ಕಾಲ. ವಾರದ ರಾತ್ರಿಗೆ ಒಣಸಿಗಡಿ ಚಟ್ನಿಗಿಂತ ಬೇಗ ಆಗುವುದು ಏನೂ ಇಲ್ಲ. ಒಂದು ಹಿಡಿ ಒಣಸಿಗಡಿಯ ತಲೆ, ಬಾಲ ಮುರಿದು, ಮರಳು ಹೋಗುವಂತೆ ಕೇರಿ, ಕಾವಲಿಯ ಮೇಲೆ ಗರಿಗರಿಯಾಗಿ ಹುರಿಯಿರಿ. ತೆಂಗಿನತುರಿ, ಸುಟ್ಟ ಒಣಮೆಣಸು, ಚಿಟಿಕೆ ಹುಣಸೆಯನ್ನು ತರಿತರಿಯಾಗಿ ಅರೆದು ಸಿಗಡಿಯನ್ನು ಕೊನೆಗೆ ಒಂದೇ ಸುತ್ತು. ಹಸಿ ಈರುಳ್ಳಿ ಕೊಚ್ಚಿ ಹಾಕಿ ಕೈಯಲ್ಲೇ ಕಲಸಿ. ಬಿಸಿ ಗಂಜಿಯ ಪಕ್ಕಕ್ಕೆ ಅಷ್ಟು ಸಾಕು. ಉಪ್ಪು ನೋಡಿ ಹಾಕಿ, ಸಿಗಡಿಯಲ್ಲೇ ಇರುತ್ತದೆ.

ತಿಪಟೂರಿನವ | ಭಾನುವಾರ, ಸಂಜೆ 7.30

ಮಸಾಲೆ ರುಬ್ಬಿದೆ. ಅವಳಿಗೆ ಇಂದು ಹಗಲು ಪಾಳಿ, ಆದ್ದರಿಂದ ಗುಟ್ಟಾಗಿಯೇ ಆಯಿತು. ಬಾಟಲಿಯನ್ನು ಫ್ರಿಜ್‌ನ ಹಿಂದುಗಡೆ ಉಪ್ಪಿನಕಾಯಿಯ ಮರೆಯಲ್ಲಿ ಇಟ್ಟಿದ್ದೇನೆ. ಮೊದಲ ಸುತ್ತಿನಲ್ಲಿ ಮೆಣಸಿನ ಸಿಪ್ಪೆ ಚೂರುಚೂರಾಗಿ ಉಳಿಯಿತು. ನೆನೆಸಿದ ನೀರನ್ನೇ ಎರಡು ಚಮಚ ಸೇರಿಸಿ, ಮಿಕ್ಸಿ ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದ ಮೇಲೆ ಬೆರಳಿಗೆ ತರಿ ಸಿಗುವುದು ನಿಂತಿತು. ಬಣ್ಣ ಇಟ್ಟಿಗೆಯಂತೆ ಬಂದಿದೆ.

ಆದರೆ ರುಚಿ ನೋಡಿದೆ. ಒಗರು, ಹಸಿಹಸಿ, ಬೆಳ್ಳುಳ್ಳಿಯ ಘಾಟು. ಕೆಡಿಸಿದೆನೇ?

ಮಲ್ಪೆಯ ಮಗಳು | ಭಾನುವಾರ, ರಾತ್ರಿ 8.00

ಇಲ್ಲ. ಹಸಿ ಮಸಾಲೆ ಹಾಗೆಯೇ ಇರುತ್ತದೆ. ಎಂಟು ನಿಮಿಷ ಕುದಿದ ಮೇಲೆ ನೋಡಿ, ಅಲ್ಲಿಯವರೆಗೆ ಏನನ್ನೂ ಸೇರಿಸಬೇಡಿ.

ತಿಪಟೂರಿನವ | ಬುಧವಾರ, ರಾತ್ರಿ 11.30

ಬರೆಯದೆ ಮಲಗಲು ಆಗುತ್ತಿಲ್ಲ.

ಏಳು ಐವತ್ತಕ್ಕೆ ನಮ್ಮ ಬೀದಿಯ ಅಂಗಡಿಯಲ್ಲಿ ಬಂಗುಡೆ ನೋಡಿದೆ. ತಲೆ ಹಿಡಿದು ಎತ್ತಿದೆ. ಮೊದಲ ಎರಡರ ಬಾಲ ಜೋತುಬಿತ್ತು. ಅಂಗಡಿಯವರು ನನ್ನನ್ನು ಒಮ್ಮೆ ನೋಡಿ, ಏನೂ ಹೇಳದೆ ಒಳಗಿನ ಪೆಟ್ಟಿಗೆಯಿಂದ ಬೇರೆ ತೆಗೆದರು. ಅವು ನೆಟ್ಟಗೆ ನಿಂತವು. ಐದು ತಂದೆ. ಎಂಟು ಐದಕ್ಕೆ ಕುಕ್ಕರ್ ಇಟ್ಟೆ. ಕಪ್ಪು ಪೊರೆ ಹೆಬ್ಬೆರಳಿಗೆ ಒದ್ದೆ ಕಾಗದದಂತೆ ಸುಲಿದು ಬಂತು. ಕಳೆದ ವಾರ ಇದನ್ನೆಲ್ಲ ಅವಳಿಗೆ ತಿನ್ನಿಸಿದೆನಲ್ಲ ಎಂದು ಬೇಸರವಾಯಿತು. ಎರಡೂ ಬದಿಗೆ ಮೂರು ಮೂರು ಗೀರು ಹಾಕಿ, ಉಪ್ಪು ಅರಸಿನ ಸವರಿ ಇಟ್ಟೆ.

ಎಂಟೂವರೆಗೆ ಮಸಾಲೆ ಕುದಿಯತೊಡಗಿತು. ಐದನೆಯ ನಿಮಿಷದವರೆಗೂ ಭಾನುವಾರದ ಅದೇ ಘಾಟು. ಆಮೇಲೆ ಗುಳ್ಳೆಗಳು ದೊಡ್ಡದಾಗಿ, ನಿಧಾನವಾಗಿ ಒಡೆಯತೊಡಗಿದವು. ಓಮದ ಪರಿಮಳ ಮೊದಲು ಬಂತು, ಹಿಂದೆಯೇ ಹುಳಿ. ಚಮಚದಲ್ಲಿ ನೋಡಿದೆ: ಒಗರು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಮೀನು ಮಲಗಿಸಿ ಮುಚ್ಚಿದೆ. ನಾಲ್ಕನೆಯ ನಿಮಿಷಕ್ಕೆ ಒಮ್ಮೆ ಪಾತ್ರೆಯ ಕಿವಿ ಹಿಡಿದು ಅಲುಗಿಸಿದೆ. ಏಳಕ್ಕೆ ತೆರೆದಾಗ ಗೀರು ಹಾಕಿದ ಕಡೆಗಳಲ್ಲಿ ಚರ್ಮ ಬಿರಿದು ಒಳಗಿನ ಬಿಳಿ ಕಾಣುತ್ತಿತ್ತು, ಅಂಚಿನಲ್ಲಿ ಮೀನಿನದೇ ಎಣ್ಣೆ ಕೆಂಪಗೆ ಬಿಟ್ಟುಕೊಂಡಿತ್ತು. ಐದಕ್ಕೆ ಐದೂ ಇಡಿಯಾಗಿದ್ದವು. ತೆಂಗಿನೆಣ್ಣೆ, ಕರಿಬೇವು ಹಾಕಿ ಮುಚ್ಚಿದೆ. ಗಡಿಯಾರದಲ್ಲಿ ಎಂಟು ಐವತ್ತು.

ಒಂಬತ್ತು ಇಪ್ಪತ್ತಕ್ಕೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಕೆಳಗಿನ ಮನೆಗೆ ಊರಿನವರು ಬಂದಿದ್ದಾರೆಯೇ? ಪುಳಿಮುಂಚಿಯ ಪರಿಮಳ" ಎಂದಳು. ನಾನು ಮಾತಾಡಲಿಲ್ಲ. ಒಳಗೆ ಬಂದು ಮುಚ್ಚಳ ತೆಗೆದು ನೋಡಿದಳು. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು. ಆಮೇಲೆ ಕೇಳಿದ್ದು, "ಓಮ ಹಾಕಲು ಯಾರು ಹೇಳಿದರು?"

ಗಂಜಿ ಬಡಿಸಿದೆ. ಉಪ್ಪು ಸ್ವಲ್ಪ ಮುಂದಾಗಿದೆ ಎಂದಳು. ನಿಜ, ಮಸಾಲೆಯಲ್ಲಿ ಹಾಕಿದ್ದನ್ನು ಮರೆತು ಮತ್ತೆ ಹಾಕಿದ್ದೆ. ಮತ್ತೆ ಮಾತಿಲ್ಲ. ನಾನು ತಟ್ಟೆಯ ಅಂಚನ್ನೇ ನೋಡುತ್ತಿದ್ದೆ. ಮೊದಲ ಮುಳ್ಳು ಬಂತು, ಪಕ್ಕದಲ್ಲಿ ಎರಡನೆಯದು, ಮೂರನೆಯದು. ಎರಡು ಮೀನು ತಿಂದಳು, ಗಂಜಿ ಎರಡು ಸಲ ಹಾಕಿಸಿಕೊಂಡಳು.

ಈಗ ಒಂದು ಮೀನು ಉಳಿದಿದೆ. ಅದನ್ನು ಮುಟ್ಟಬೇಡಿ, ನಾಳೆ ಬೆಳಿಗ್ಗೆ ನೀರುದೋಸೆ ಮಾಡುತ್ತೇನೆ ಎಂದು ಹೇಳಿ ಮಲಗಿದ್ದಾಳೆ. ಹಾಗೆಯೇ ಒಲೆಯ ಮೇಲೆ ಬಿಡಬಹುದೇ?

ಮತ್ಸ್ಯಪಾಠ | ಬುಧವಾರ, ರಾತ್ರಿ 11.40

ಬಿಡಬೇಡಿ. ಈಗಲೇ ಫ್ರಿಜ್‌ನಲ್ಲಿಡಿ. ಹಳೆಯ ಕಾಲದಲ್ಲಿ ಒಲೆಯ ಬಿಸಿಬೂದಿಯ ಮೇಲೆ ರಾತ್ರಿಯಿಡೀ ಬಿಸಿಯಾಗಿಯೇ ಇರುತ್ತಿತ್ತು, ನಿಮ್ಮ ಗ್ಯಾಸ್ ಒಲೆಯ ಮೇಲೆ ಹಾಗಿರುವುದಿಲ್ಲ.

ಮಲ್ಪೆಯ ಮಗಳು | ಗುರುವಾರ, ಬೆಳಿಗ್ಗೆ 6.00

ಬೆಳಿಗ್ಗೆ ಓದಿ ಕಣ್ಣು ತುಂಬಿತು ಅಣ್ಣ. ಬಿಸಿ ಮಾಡುವಾಗ ಮೀನನ್ನು ಮೊದಲು ತಟ್ಟೆಗೆ ಎತ್ತಿಟ್ಟು, ಸಾರಿಗೆ ಎರಡು ಚಮಚ ನೀರು ಹಾಕಿ ಚೆನ್ನಾಗಿ ಕುದಿಸಿ, ಆಮೇಲೆ ಮೀನು ಇಳಿಸಿ ಸಣ್ಣ ಉರಿಯಲ್ಲಿ ಮೂರು ನಿಮಿಷ ಮುಚ್ಚಿಡಿ. ಒಳಗೂ ಬಿಸಿಯಾಗುತ್ತದೆ, ಮೀನೂ ಒಡೆಯುವುದಿಲ್ಲ. ಉಪ್ಪೂ ಸರಿಹೋಗುತ್ತದೆ.

ಬೇಲೆಕೇರಿ | ಗುರುವಾರ, ಬೆಳಿಗ್ಗೆ 6.40

ಪುಳಿಮುಂಚಿ ಗೆದ್ದಿತು, ಒಪ್ಪಿದೆ. ಆದರೆ ಶುಕ್ರವಾರ ಇದೆಯಲ್ಲ. ಬೆಳಿಗ್ಗೆ ಹೋಗಿ ತಾರ್ಲೆ ತನ್ನಿ, ಹೊಟ್ಟೆ ಒಡೆಯದ ಗಟ್ಟಿಯಾದವು. ತೊಳೆದು ಡಬ್ಬಿಯಲ್ಲಿ ಹಾಕಿ ಫ್ರಿಜ್‌ನ ತೀರಾ ತಣ್ಣಗಿರುವ ಜಾಗದಲ್ಲಿಡಿ. ಜುಮ್ಮನಕಾಯಿ ಸಿಗದಿದ್ದರೆ ಅದನ್ನು ಬಿಟ್ಟು ಮಾಡಿ, ಬದಲಿಗೆ ಬೇರೇನನ್ನೂ ಹಾಕಬೇಡಿ.

ತಿಪಟೂರಿನವ | ಗುರುವಾರ, ಬೆಳಿಗ್ಗೆ 7.15

ಬರೆದುಕೊಂಡೆ ಅಕ್ಕ. ಊರಿನಿಂದ ಬಂದ ತೆಂಗಿನಕಾಯಿ ಮೂಟೆಯಲ್ಲೇ ಇದೆ. ಇವತ್ತೇ ಒಡೆದು ತುರಿದಿಡಲೇ?

ಬೇಲೆಕೇರಿ | ಗುರುವಾರ, ಬೆಳಿಗ್ಗೆ 7.20

ಬೇಡ, ನಾಳೆಯೇ ಒಡೆಯಿರಿ.